ಗೋಧಿ ಇಲ್ಲದ ಮನೆ

ದೇರೆಬೈಲಿನ ಮನೋರಮಾಳ ಮನೆಯಲ್ಲಿ ಚಪಾತಿ ಲಟ್ಟಿಸಿ ಮೂರು ವರ್ಷವಾಯಿತು. ಉಪ್ಪಿಟ್ಟಿಲ್ಲ, ಶ್ಯಾವಿಗೆ ಇಲ್ಲ, ಚಹಾಕ್ಕೆ ಅದ್ದಲು ಒಂದು ಬಿಸ್ಕಿಟ್ ಕೂಡ ಇಲ್ಲ. ನೆಂಟರು ಬಂದರೆ ಅವಲಕ್ಕಿ, ನೀರುದೋಸೆ. ಬಹಳ ಬೇಕಾದವರಾದರೆ ಬಿಸಿಬಿಸಿ ಕರಿದ ಬಾಳೆಕಾಯಿ ಪೋಡಿ. ಯಾರಿಗಾದರೂ ಸಕ್ಕರೆ ಕಾಯಿಲೆಯಾ ಎಂದು ಅವರು ಮೆಲ್ಲಗೆ ಕೇಳಿದರೆ ಮನೋರಮಾ ಅಂಗಳದತ್ತ ಕೈ ತೋರಿಸುತ್ತಾಳೆ. ಅಲ್ಲಿ ತುಳಸಿಕಟ್ಟೆಯ ನೆರಳಿನಲ್ಲಿ ನಾಲ್ಕೂ ಕಾಲು ಚಾಚಿಕೊಂಡು, ಪ್ರಪಂಚದ ಯಾವ ಚಿಂತೆಯೂ ತನಗಿಲ್ಲವೆಂಬಂತೆ ಮಲಗಿರುವ ಬಿಳಿ ನಾಯಿಯೇ ಪುಂಡಿ. ಒಂದು ನಾಯಿಗೋಸ್ಕರ ಇಡೀ ಮನೆ ಗೋಧಿ ಬಿಟ್ಟಿತೇ ಎಂದು ಮೂಗಿನ ಮೇಲೆ ಬೆರಳಿಟ್ಟವರೆಷ್ಟೋ ಮಂದಿ. ಇಡಲಿ ಬಿಡಿ, ಬೆರಳೂ ಅವರದು, ಮೂಗೂ ಅವರದು.

ಮನೋರಮಾ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗೃಹವಿಜ್ಞಾನ ಕಲಿಸಿದವಳು. ಚಮಚದ ತಲೆ ಸಮ ಮಾಡದೆ ಹಿಟ್ಟು ಅಳೆದ ಹುಡುಗಿಯರಿಗೆ ಮುಲಾಜಿಲ್ಲದೆ ಸೊನ್ನೆ ಕೊಟ್ಟವಳು. ನಿವೃತ್ತಿಯಾದ ಮೇಲೂ ಊರಿಗೆಲ್ಲ ಆಕೆ ಟೀಚರೇ. ಗಂಡ ಹರಿದಾಸ ಭಟ್ಟರು ಹತ್ತಿರದ ಗಣಪತಿ ದೇವಸ್ಥಾನದ ಅರ್ಚಕರು. ಗಟ್ಟಿಯಾಗಿ ಮಾತಾಡಿದವರಲ್ಲ, ಸುಳ್ಳು ಹೇಳಿದವರಂತೂ ಅಲ್ಲವೇ ಅಲ್ಲ. ಈ ಎರಡನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪುಂಡಿಯನ್ನು ತಂದದ್ದು ಮಗಳು ಸ್ಮೃತಿ. ಗೆಳತಿಯನ್ನು ವಿಮಾನ ಹತ್ತಿಸಿ ಬಜಪೆಯಿಂದ ವಾಪಸು ಬರುವಾಗ ರಸ್ತೆ ಬದಿಯ ಸಿಮೆಂಟ್ ಪೈಪಿನೊಳಗೆ ಕುಂಯ್‌ಗುಡುತ್ತಿದ್ದ ಮರಿಯನ್ನು ಶಾಲಿನಲ್ಲಿ ಸುತ್ತಿ ತಂದಿದ್ದಳು. ಹಬೆಯಲ್ಲಿ ಬೇಯಿಸಿದ ಅಕ್ಕಿಯುಂಡೆಗೆ ನಮ್ಮಲ್ಲಿ ಪುಂಡಿ ಎನ್ನುವುದು. ಮರಿಯನ್ನು ಕಂಡ ಭಟ್ಟರು, "ಇದೆಂತ, ಈಗಷ್ಟೇ ಇಳಿಸಿದ ಪುಂಡಿಯ ಹಾಗೆ ಉಂಟಲ್ಲ!" ಎಂದರು. ಹೆಸರಿಡುವ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಏಳು ತಿಂಗಳಾಗುವಾಗ ಕೆರೆತ ಸುರುವಾಯಿತು. ಅಂತಿಂಥ ಕೆರೆತವಲ್ಲ. ಉಣ್ಣುವುದನ್ನು ನಡುವೆ ಬಿಟ್ಟು ಕೆರೆಯುತ್ತಿತ್ತು, ನಿದ್ದೆಯಿಂದ ಎದ್ದು ಕೆರೆಯುತ್ತಿತ್ತು. ಕುತ್ತಿಗೆಯ ರೋಮ ಉದುರಿ ಚರ್ಮ ಕೆಂಪಾಗಿ, ಕಿವಿಯ ಹಿಂದೆ ರಸಿಗೆ ತುಂಬಿತು. ಒಬ್ಬರು ಬೇವಿನೆಣ್ಣೆ ಎಂದರು, ಒಬ್ಬರು ಅರಿಶಿನ ಎಂದರು, ಇನ್ನೊಬ್ಬರು ಎಲ್ಲಾದರೂ ದೂರ ಬಿಟ್ಟು ಬನ್ನಿ ಎಂದರು. ಆ ಇನ್ನೊಬ್ಬರು ಈಗಲೂ ಮನೋರಮಾಳ ಗೇಟಿನ ಮುಂದೆ ತಲೆ ತಗ್ಗಿಸಿಕೊಂಡು ಹೋಗುತ್ತಾರೆ, ಅವತ್ತು ಅವರಿಗೆ ಬಿದ್ದ ಬೈಗುಳ ಅಂಥದ್ದು.

ಕೊಡಿಯಾಲ್‌ಬೈಲಿನಲ್ಲಿ ಪ್ರಾಣಿಗಳ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ರೈಹಾನಾ, ಮನೋರಮಾಳ ಕೈಯಲ್ಲೇ ಕಲಿತ ಹುಡುಗಿ. ಒಮ್ಮೆ ಸೊನ್ನೆ ತೆಗೆದುಕೊಂಡವಳೂ ಹೌದು. ನಾಯಿಯ ಕಿವಿ ಮಡಚಿ ನೋಡಿ ಹೇಳಿದಳು: "ಇದು ಅಲರ್ಜಿ, ಟೀಚರ್. ಮದ್ದು ಕೊಟ್ಟರೆ ನಿಲ್ತದೆ, ಬಿಟ್ಟರೆ ಪುನಃ ಬರ್ತದೆ. ಇವಳಿಗೆ ಯಾವುದು ಆಗುವುದಿಲ್ಲ ಅಂತ ಹುಡುಕಬೇಕು. ಎಂಟು ವಾರ ಬರೀ ಅನ್ನ ಮತ್ತು ಬೇಯಿಸಿದ ಮೀನು. ಬೇರೆ ಒಂದು ಚೂರು ಬಾಯಿಗೆ ಹೋದರೂ ಅಷ್ಟು ದಿನದ್ದು ವೇಸ್ಟ್. ಯಾರು ಎಂತ ಕೊಟ್ಟರೂ ಬರೆದಿಡಿ."

ಅರ್ಚಕರ ಮನೆಯಲ್ಲಿ ಮೀನು! ಮನೋರಮಾ ನಾಯಿಯ ಮುಖ ನೋಡಿದಳು, ನಾಯಿ ಮನೋರಮಾಳ ಮುಖ ನೋಡಿತು. ಆಗ ನಡುಗೋಡೆಯ ಆಚೆಯಿಂದ ಒದಗಿ ಬಂದವಳು ಒಲಿಂಡಾ. ಕುವೈತಿನಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದು ಮರಳಿದವಳು, ಹಗಲಿಡೀ ಮಾಡಲು ಕೆಲಸವಿಲ್ಲದೆ ಬೋರ್ ಹೊಡೆಸಿಕೊಂಡವಳು. "ಮೀನು ನಾನು ಬೇಯಿಸ್ತೇನೆ ಟೀಚರ್. ನೀವು ಇವಳನ್ನು ಈಚೆ ದಾಟಿಸಿ ಸಾಕು," ಎಂದಳು. ಅಂದಿನಿಂದ ಮಧ್ಯಾಹ್ನ ಒಂದು ಗಂಟೆಗೆ ಪುಂಡಿ ಭಟ್ಟರ ಅಂಗಳದಿಂದ ಹೊರಟು, ಗೋಡೆಯ ಸಣ್ಣ ಗೇಟು ದಾಟಿ, ಒಲಿಂಡಾಳ ಹಿತ್ತಲಲ್ಲಿ ಬೂತಾಯಿ ಮೀನು ಉಂಡು, ಮೂತಿ ತೊಳೆಸಿಕೊಂಡು ವಾಪಸು ಬರತೊಡಗಿತು. ಎರಡೂ ಮನೆಯ ಮರ್ಯಾದೆ ಉಳಿಯಿತು.

ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ ಮನೋರಮಾ ಸ್ಕೇಲ್ ಇಟ್ಟು ಗೆರೆ ಎಳೆದಳು: ದಿನ, ಹೊತ್ತು, ಕೊಟ್ಟ ತಿಂಡಿ, ಕೊಟ್ಟವರು, ಸಹಿ. ಅದನ್ನು ಅಡುಗೆಮನೆಯ ಬಾಗಿಲಿಗೆ ಹುರಿಯಲ್ಲಿ ತೂಗುಹಾಕಿದಳು. ಕೊಡಲಿ ಬಿಡಲಿ, ಮನೆಯವರೆಲ್ಲ ದಿನವೂ ಬರೆಯಬೇಕು. ಸ್ಮೃತಿ ನಾಲ್ಕು ದಿನಕ್ಕೊಮ್ಮೆ ಮರೆತು ಬೈಸಿಕೊಳ್ಳುತ್ತಿದ್ದಳು. ಭಟ್ಟರು ಒಂದು ದಿನವೂ ತಪ್ಪಲಿಲ್ಲ. ಊಟವಾದ ಮೇಲೆ ಕೈಯೊರೆಸಿಕೊಂಡು ಬಂದು, ಕನ್ನಡಕ ಏರಿಸಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ 'ಏನೂ ಇಲ್ಲ' ಎಂದು ಬರೆದು ಸಹಿ ಹಾಕುತ್ತಿದ್ದರು.

ಎಂಟು ವಾರಕ್ಕೆ ಕುತ್ತಿಗೆಯಲ್ಲಿ ಹೊಸ ರೋಮ ಬಂತು. ಆಮೇಲೆ ರೈಹಾನಾ ಹೇಳಿದಂತೆ ಒಂದೊಂದೇ ಪದಾರ್ಥ ಕೊಟ್ಟು ನೋಡಿದರು. ಮೊಸರು ಕೊಟ್ಟರೆ ಏನೂ ಆಗಲಿಲ್ಲ. ಹುರುಳಿಗೂ ಏನಾಗಲಿಲ್ಲ. ಎರಡು ದಿನ ಚಪಾತಿ ಕೊಟ್ಟದ್ದೇ ತಡ, ಮೂರನೆಯ ದಿನ ಪುಂಡಿ ಗೋಡೆಗೆ ಮೈ ಉಜ್ಜಿಕೊಂಡು ಅಳತೊಡಗಿತು. ಕಳ್ಳ ಸಿಕ್ಕಿಬಿದ್ದ! ಅದೇ ಸಂಜೆ ಗೋಧಿಹಿಟ್ಟಿನ ಡಬ್ಬಿ, ರವೆಯ ಡಬ್ಬಿ, ಬಿಸ್ಕಿಟ್ಟಿನ ಡಬ್ಬಿ ಮೂರೂ ಗೋಡೆ ದಾಟಿ ಒಲಿಂಡಾಳ ಮನೆ ಸೇರಿದವು.

ವ್ಯಾಪಾರ ಮಾಡುತ್ತೇನೆಂದು ಮನೋರಮಾ ಹೊರಟವಳೇ ಅಲ್ಲ. ಸಂಜೆ ಚಹಾದ ಹೊತ್ತಿಗೆ ಎಲ್ಲರ ಕೈಯಲ್ಲೂ ಏನಾದರೊಂದು ಇರುತ್ತಿತ್ತು. ಪುಂಡಿ ಒಬ್ಬೊಬ್ಬರ ಮುಖ ನೋಡಿ ಕೊನೆಗೆ ತನ್ನ ಖಾಲಿ ತಟ್ಟೆಯ ಮುಂದೆ ಹೋಗಿ ಕೂರುತ್ತಿತ್ತು. ಅದನ್ನು ನೋಡಿ ಮನೋರಮಾ ಕೈಯಲ್ಲಿದ್ದದ್ದನ್ನು ತಟ್ಟೆಗೇ ವಾಪಸು ಹಾಕುತ್ತಿದ್ದಳು. ಬಾವಿಕಟ್ಟೆಯ ಹಿಂದೆ ಬಾಳೆಗೊನೆ ಬಾಗಿತ್ತು. ಕಾಯಿ ಹೆರೆದು, ಒಣಗಿಸಿ ಹಿಟ್ಟು ಮಾಡಿ, ಅದಕ್ಕೆ ಹುರುಳಿ ಹಿಟ್ಟು, ಬೇಯಿಸಿ ಅರೆದ ಹಲಸಿನ ಬೀಜ, ತಮ್ಮದೇ ತೆಂಗಿನ ಎಣ್ಣೆ ಸೇರಿಸಿ ಕಲಸಿದಳು. ಬಿಲ್ಲೆ ತಟ್ಟಿ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಿ, ತಾರಸಿಯ ಬಿಸಿಲಿಗಿಟ್ಟಳು.

ಮೊದಲ ಸಲ ಒಲಿಂಡಾ ಒಂದನ್ನು ಕಲ್ಲಿಗೆ ಕುಟ್ಟಿ ನೋಡಿ ಕೇಳಿದಳು: "ಟೀಚರ್, ಇದು ನಾಯಿಗೆ ಹಾಕುವುದಾ, ನಾಯಿಗೆ ಬಿಸಾಡಿ ಹೊಡೆಯುವುದಾ?"

"ನಗಿ, ನಗಿ. ನಾಳೆ ನೋಡಿ," ಎಂದಳು ಮನೋರಮಾ.

ನಾಳೆಯಲ್ಲ, ಹದಿನೇಳನೆಯ ಸಲಕ್ಕೆ ಹದ ಬಂತು. ಪುಂಡಿ ಅದನ್ನು ಕಟುಂ ಎಂದು ಕಡಿದು, ಬಾಲ ಆಡಿಸಿ ಇನ್ನೊಂದಕ್ಕೆ ಬಾಯಿ ತೆರೆಯಿತು. ಸ್ಮೃತಿ ನಾಯಿಯ ಹಳೆಯ ಫೋಟೋವನ್ನೂ ಹೊಸ ಫೋಟೋವನ್ನೂ ಜೋಡಿಸಿ ಮೊಬೈಲಿನಲ್ಲಿ ಹಾಕಿದಳು. ರೈಹಾನಾ ತನ್ನ ಕ್ಲಿನಿಕ್ಕಿಗೆ ಕೆರೆದುಕೊಂಡು ಬಂದ ನಾಯಿಗಳ ಮನೆಯವರಿಗೆ ದೇರೆಬೈಲಿನ ದಾರಿ ಹೇಳಿದಳು. ಒಂದು ವರ್ಷ ಕಳೆಯುವಷ್ಟರಲ್ಲಿ ಗೋಡೆಯ ಈಚೆ ಬಾಳೆಕಾಯಿ ಬಿಲ್ಲೆ, ಆಚೆ ಒಲಿಂಡಾಳ ಒಣಮೀನಿನ ಬಿಲ್ಲೆ. ಪಾತ್ರೆ ಬೇರೆ, ಒಲೆ ಬೇರೆ, ಹೆಸರು ಮಾತ್ರ ಒಂದೇ: ಪುಂಡಿ ಬಿಲ್ಲೆ. ಪ್ಯಾಕೆಟ್ಟಿನ ಮೇಲೆ ಪುಂಡಿಯ ನಗುಮುಖ, ಕೆಳಗೆ ಮನೋರಮಾಳೇ ಬರೆದ ಸಾಲು: 'ಇವಳು ತಿಂದು ಗುಣವಾದದ್ದು. ಸಂಶಯ ಇದ್ದರೆ ಬಂದು ಇವಳನ್ನೇ ನೋಡಿ.' ಜನ ಬಂದು ನೋಡುತ್ತಲೂ ಇದ್ದರು. ಪುಂಡಿ ತಿರುಗಿ ಮಲಗಿ ಹೊಟ್ಟೆಯನ್ನೂ ತೋರಿಸುತ್ತಿತ್ತು.

ಕಳೆದ ವರ್ಷ ಚೌತಿ ಕಳೆದು ಕೆಲವು ದಿನವಾಗಿತ್ತು. ಕೊಡಿಯಾಲ್‌ಬೈಲಿನಲ್ಲಿ ಸಾಕುಪ್ರಾಣಿಗಳ ಸಾಮಾನಿನ ಅಂಗಡಿಯಿದ್ದ ಪ್ರೇಮ್, ಪಕ್ಕದ ಕಟ್ಟಡದಲ್ಲಿ ಇನ್ನೂ ದೊಡ್ಡದೊಂದನ್ನು ತೆರೆಯುವವನಿದ್ದ. ಬಾಗಿಲ ಎದುರಿನ ಶೆಲ್ಫ್ ಪೂರ್ತಿ ಪುಂಡಿ ಬಿಲ್ಲೆಗೆ ಎಂದಿದ್ದ. "ಓಪನಿಂಗ್ ದಿನ ಪುಂಡಿಯೇ ಚೀಫ್ ಗೆಸ್ಟ್ ಟೀಚರ್. ಬಾಗಿಲಲ್ಲಿ ಕೂತರೆ ಸಾಕು, ನಾನು ಬೇರೆ ಬೋರ್ಡ್ ಹಾಕುವುದೇ ಇಲ್ಲ," ಎಂದೂ ಹೇಳಿದ್ದ. ಮುನ್ನೂರು ಪ್ಯಾಕೆಟ್ ಬೇಕಿತ್ತು. ಎರಡೂ ಅಡುಗೆಮನೆಗಳಲ್ಲಿ ಕೈ ಬಿಡುವಿರಲಿಲ್ಲ. ಅದೇ ಹೊತ್ತಿಗೆ ಭಟ್ಟರಿಗೂ ದೇವಸ್ಥಾನದಲ್ಲಿ ಬಿಡುವಿರಲಿಲ್ಲ. ಯಾರೋ ಭಕ್ತರ ಹರಕೆಯೆಂದು ನಲವತ್ತೆಂಟು ದಿನ ಗಣಪತಿಗೆ ತುಪ್ಪದಲ್ಲಿ ಕರಿದ ಸಿಹಿ ಅಪ್ಪದ ಸೇವೆ ಸುರುವಾಗಿತ್ತು. ಮಧ್ಯಾಹ್ನ ಅವರು ತಂದುಕೊಟ್ಟ ಪ್ರಸಾದವನ್ನು ಮನೋರಮಾ ಹಿಟ್ಟಿನ ಕೈ ತೊಳೆದುಕೊಂಡು ಬಂದು, ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡು ಮತ್ತೆ ಕೆಲಸಕ್ಕೆ ಓಡುತ್ತಿದ್ದಳು.

ಓಪನಿಂಗಿಗೆ ಇನ್ನು ಇಪ್ಪತ್ತನಾಲ್ಕು ದಿನವೆನ್ನುವಾಗ ಪುಂಡಿ ಕೆರೆಯಿತು.

ಒಮ್ಮೆ ಕೆರೆದರೆ ನೊಣವಿರಬಹುದು. ಎರಡನೆಯ ದಿನ ಕಿವಿ ಕೆಂಪಾಯಿತು. ನಾಲ್ಕನೆಯ ದಿನ ಕುತ್ತಿಗೆಯ ರೋಮ ಮನೋರಮಾಳ ಅಂಗೈಗೆ ಬಂತು. ಪುಂಡಿ ತಿನ್ನುತ್ತಿದ್ದದ್ದು ಅನ್ನ, ಮೀನು, ಮೊಸರು, ಪುಂಡಿ ಬಿಲ್ಲೆ. ಅನ್ನ, ಮೀನು, ಮೊಸರು ಮೊದಲಿನದ್ದೇ. ಹಾಗಾದರೆ ಉಳಿದದ್ದು ಯಾವುದು? ತನ್ನ ಕೈಯ ಬಿಲ್ಲೆಯಲ್ಲೇ ಎಲ್ಲೋ ಗೋಧಿ ಸೇರುತ್ತಿದೆಯೇ? ಸೇರುತ್ತಿದ್ದರೆ, ತನ್ನನ್ನು ನಂಬಿ ಕೊಂಡೊಯ್ದ ಅಷ್ಟೂ ಮನೆಗಳ ನಾಯಿಗಳು ಈಗ ಕೆರೆದುಕೊಳ್ಳುತ್ತಿವೆಯೇ?

"ಪ್ಯಾಕೆಟ್ಟಿನಲ್ಲಿ ಫೋಟೋ ಚಂದ ಉಂಟಲ್ಲ ಟೀಚರ್," ಒಲಿಂಡಾ ದನಿ ತಗ್ಗಿಸಿ ಹೇಳಿದಳು. "ಓಪನಿಂಗಿಗೆ ಇವಳಿಗೆ ಹುಷಾರಿಲ್ಲ ಅಂತ ಹೇಳಿದರಾಯಿತು. ಬೇರೆ ಯಾವ ನಾಯಿಯದ್ದೂ ಕಂಪ್ಲೇಂಟ್ ಬಂದದ್ದಿಲ್ಲ ಅಲ್ವಾ?"

"ಬರುವವರೆಗೆ ಕಾಯುವುದಾ? 'ಸಂಶಯ ಇದ್ದರೆ ಬಂದು ನೋಡಿ' ಅಂತ ಬರೆದದ್ದು ನಾನು, ಒಲಿಂಡಾ ಬಾಯಿ. ಈಗ ಸಂಶಯ ನನಗೇ ಬಂದಿದೆ. ಕಾರಣ ಸಿಗುವವರೆಗೆ ಈ ಮನೆಯಿಂದ ಒಂದು ಬಿಲ್ಲೆ ಹೊರಗೆ ಹೋಗುವುದಿಲ್ಲ."

ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ಒಲಿಂಡಾಳಿಗೆ ಆ ಮಾತಿನ ತೂಕ ತಿಳಿಯದ್ದೇನಲ್ಲ. ಇಬ್ಬರೂ ಕೂತು ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದರು: ಸದ್ಯಕ್ಕೆ ಕೊಡಬೇಡಿ, ನಮ್ಮ ನಾಯಿಗೆ ಪುನಃ ಕೆರೆತ ಬಂದಿದೆ, ಯಾಕೆ ಅಂತ ನೋಡ್ತಾ ಇದ್ದೇವೆ. ಪ್ರೇಮನಿಗೂ ಹೇಳಿದರು. ಅವನು ಅಂದ: "ಡೇಟ್ ಬದಲಿಸಲಿಕ್ಕೆ ಆಗುವುದಿಲ್ಲ ಟೀಚರ್, ಕಾರ್ಡ್ ಹಂಚಿ ಆಗಿದೆ. ನಿಮ್ಮದು ಬರದಿದ್ದರೆ ಆ ಶೆಲ್ಫಿಗೆ ಬೇರೆ ಕಂಪೆನಿಯದ್ದು ಇಡಬೇಕಾಗ್ತದೆ. ಒಮ್ಮೆ ಇಟ್ಟರೆ ವರ್ಷದ ಅಗ್ರಿಮೆಂಟ್."

"ಇಡಬೇಕಾದರೆ ಇಡಿ ಪ್ರೇಮ್. ಗೊತ್ತಿಲ್ಲದ್ದನ್ನು ನಾನು ಕೊಡುವುದಿಲ್ಲ," ಎಂದಳು ಮನೋರಮಾ.

ಮೊದಲ ಗುಮಾನಿ ಹಿಟ್ಟಿನ ಗಿರಣಿಯ ಮೇಲೆ. ಗಿರಣಿಯ ಶುಕೂರ್ ಎಲ್ಲರ ಗೋಧಿಯನ್ನೂ ಬೀಸುವವರೇ. ಅದಕ್ಕೇ ಮನೋರಮಾ ಮೊದಲು ಎರಡು ಸೇರು ಅಕ್ಕಿ ಬೀಸಿಸಿ, ಆ ಹಿಟ್ಟನ್ನು ಬೇರೆ ತೆಗೆದು, ಆಮೇಲೆ ತನ್ನ ಹುರುಳಿ ಹಾಕಿಸುತ್ತಿದ್ದಳು. ಈಗ ನೇರ ಹೋಗಿ, "ನನ್ನ ಅಕ್ಕಿ ಬೀಸದೆ ಹುರುಳಿ ಹಾಕಿದ್ದೀರಾ?" ಎಂದು ಕೇಳಿಯೇಬಿಟ್ಟಳು. ಶುಕೂರರ ಮುಖ ಸಪ್ಪಗಾಯಿತು. ಮೆಷಿನ್ ಬಂದ್ ಮಾಡಿ, ಕಲ್ಲು ಬಿಚ್ಚಿ ತೋರಿಸಿದರು. "ಟೀಚರೇ, ಸೋಮವಾರ ಬೆಳಿಗ್ಗೆ ಬ್ರಶ್ ಹಾಕಿ ಕ್ಲೀನ್ ಮಾಡಿ, ನಿಮ್ಮ ಅಕ್ಕಿ ಬೀಸಿ, ನಿಮ್ಮ ಹುರುಳಿ. ಅಷ್ಟಾದ ಮೇಲೆಯೇ ನಾನು ಇನ್ನೊಬ್ಬರ ಚೀಲ ಮುಟ್ಟುವುದು. ನಿಮ್ಮ ನಾಯಿಯ ಫೋಟೋ ನನ್ನ ಗಿರಣಿಯಲ್ಲೂ ಉಂಟು, ನೋಡಿ," ಎಂದರು. ಗೋಡೆಯಲ್ಲಿ ಪುಂಡಿ ನಗುತ್ತಿತ್ತು. ಮನೋರಮಾಳಿಗೆ ನಾಚಿಕೆಯಾಯಿತು.

ಎಣ್ಣೆ ನೋಡಿದ್ದಾಯಿತು, ಡಬ್ಬಿ ತೊಳೆದದ್ದಾಯಿತು, ಒಲಿಂಡಾಳ ಅಡುಗೆಮನೆಯನ್ನೂ ಕೈಚೀಲವನ್ನೂ ಬಿಡದೆ ಜಾಲಾಡಿದ್ದಾಯಿತು. ನೋಟ್‌ಬುಕ್ಕನ್ನು ಹಿಂದಿನಿಂದ ಮುಂದೆ, ಮುಂದಿನಿಂದ ಹಿಂದೆ ಓದಿದಳು. ಸ್ಮೃತಿಯ ಅಕ್ಷರ, ಒಲಿಂಡಾಳ ಅಕ್ಷರ, ತನ್ನ ಅಕ್ಷರ. ಮತ್ತೆ ದಿನದಿನವೂ, ಒಂದೂ ತಪ್ಪದೆ, ಭಟ್ಟರ ದುಂಡಗಿನ 'ಏನೂ ಇಲ್ಲ'.

ಮಾರಾಟ ನಿಲ್ಲಿಸಿದ ಮೇಲೆ ಆರನೆಯ ದಿನ ಅವಳು ಕೆಲಸವನ್ನೆಲ್ಲ ಬದಿಗಿಟ್ಟಳು. ಪರೀಕ್ಷೆಯ ಕೋಣೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿಯುವ ವಿದ್ಯೆ ಅವಳಿಗೆ ಹೊಸತಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ನೋಟ್‌ಬುಕ್ ಹಿಡಿದುಕೊಂಡು ಪುಂಡಿಯ ಬೆನ್ನು ಹತ್ತಿದಳು. ಪುಂಡಿ ಹೂವಿನ ಗಿಡ ಮೂಸಿದರೆ ಬರೆದಳು, ನೀರು ಕುಡಿದರೆ ಬರೆದಳು, ಬೆಕ್ಕನ್ನು ಓಡಿಸಿದ್ದನ್ನೂ ಬರೆದಳು. ಮಧ್ಯಾಹ್ನದವರೆಗೆ ಬಾಯಿಗೆ ಹೋದದ್ದು ಒಂದು ನೊಣ.

ಹನ್ನೆರಡೂವರೆ ದಾಟಿತು. ಪುಂಡಿ ಇದ್ದಕ್ಕಿದ್ದಂತೆ ಎದ್ದು ಗೇಟಿನ ಬಳಿ ಹೋಗಿ, ಶಾಲೆಯ ಮಗುವಿನಂತೆ ಶಿಸ್ತಿನಲ್ಲಿ ಕೂತಿತು. ಆಮೇಲೆ ದೂರದಲ್ಲಿ ಭಟ್ಟರ ಸ್ಕೂಟರಿನ ಸದ್ದು ಕೇಳಿತು. ಅವರು ಬಂದು, ನಳ್ಳಿಯಲ್ಲಿ ಕಾಲು ತೊಳೆದು, ಸ್ಕೂಟರಿನ ಪೆಟ್ಟಿಗೆಯಿಂದ ಬಾಳೆಲೆಯ ಪೊಟ್ಟಣ ತೆಗೆದು ಬಿಡಿಸಿದರು. ಹೆಂಡತಿ ಎದುರಿಗೇ ಇದ್ದಾಳೆಂದು ಮೊದಲು ಅವಳಿಗೆ ಒಂದು ತುಂಡು ಕೊಟ್ಟರು. ಮನೋರಮಾ ಬಲಗೈ ಒಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಭಟ್ಟರು ಬಾಗಿ ಪುಂಡಿಗೂ ಒಂದು ತುಂಡು ಕೊಟ್ಟರು. ಪುಂಡಿ ತಲೆ ತಗ್ಗಿಸಿ, ಹಲ್ಲು ತಾಗಿಸದೆ, ಮೆಲ್ಲಗೆ ತೆಗೆದುಕೊಂಡಿತು.

ಬಾಯಿಯ ಹತ್ತಿರ ಹೋಗಿದ್ದ ಮನೋರಮಾಳ ಕೈ ಅಲ್ಲೇ ನಿಂತಿತು.

"ಇವಳಿಗೆ ಎಂತ ಕೊಟ್ಟದ್ದು ನೀವು?"

"ಪ್ರಸಾದ."

"ದಿನಾ ಕೊಡ್ತೀರಾ?"

"ದಿನಾ. ನಿನಗೂ ಕೊಡ್ತೇನಲ್ಲ. ಮೊದಲೆಲ್ಲ ಕಡಲೆಯ ಪಂಚಕಜ್ಜಾಯ ಇತ್ತು, ಈಗ ಅಪ್ಪದ ಸೇವೆ, ಹಾಗೆ ಅಪ್ಪ."

"ಮತ್ತೆ ಪುಸ್ತಕದಲ್ಲಿ ಏನೂ ಇಲ್ಲ ಅಂತ ಬರೆದದ್ದು?"

ಭಟ್ಟರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದರಲ್ಲಿ 'ಕೊಟ್ಟ ತಿಂಡಿ' ಅಂತ ಅಲ್ವಾ ಇರುವುದು? ನಾನು ತಿಂಡಿ ಕೊಟ್ಟದ್ದೇ ಇಲ್ಲ. ಪ್ರಸಾದ ತಿಂಡಿ ಹೇಗೆ ಆಗ್ತದೆ ಮನೋರಮಾ?"

"ಅಪ್ಪ ಎಂತದರಲ್ಲಿ ಮಾಡುವುದು?"

"ಗೋಧಿ ಹಿಟ್ಟು, ಬೆಲ್ಲ, ಬಾಳೆಹ..." ಭಟ್ಟರು ಅಲ್ಲಿಗೇ ನಿಂತರು. ಕೈಯ ಬಾಳೆಲೆಯನ್ನು ನೋಡಿದರು. ನಾಯಿಯ ಕುತ್ತಿಗೆಯನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. "ನನ್ನ ಕೈಯಿಂದಲೇ ಆದದ್ದಾ?" ಎಂದು ಕೇಳುವಾಗ ದನಿ ಒಡೆದಿತ್ತು.

ಮನೋರಮಾಳಿಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಮೂವತ್ತೊಂದು ವರ್ಷದ ಸೊನ್ನೆಗಳನ್ನೆಲ್ಲ ಒಟ್ಟಿಗೆ ಇವರಿಗೇ ಕೊಡಬೇಕೆನ್ನುವಷ್ಟು. ಬಾಯಿ ತೆರೆದಳು. ಆಗ ತನ್ನ ಅಂಗೈ ಕಣ್ಣಿಗೆ ಬಿತ್ತು. ಅಪ್ಪದ ತುಂಡು ತುಪ್ಪದಲ್ಲಿ ಮಿನುಗುತ್ತಿತ್ತು. ಇಪ್ಪತ್ತು ದಿನಗಳಿಂದ, ಮನೆಗೆ ಗೋಧಿಯ ಗಾಳಿ ಸೋಕಬಾರದೆಂದು ಕಾವಲು ಕೂತ ತಾನೇ, ದಿನವೂ ಕೈ ತೊಳೆದುಕೊಂಡು ಬಂದು ಇದನ್ನು ತಿಂದಿದ್ದಳು. ಇದು ಗೋಧಿಯೆಂದು ಒಂದು ದಿನವೂ ಹೊಳೆದಿರಲಿಲ್ಲ. ಸಂಕಷ್ಟಿಯ ಉಪವಾಸದ ದಿನ ಪ್ರಸಾದ ಬಾಯಿಗೆ ಹಾಕಿಕೊಂಡೇ 'ಬೆಳಿಗ್ಗೆಯಿಂದ ಏನೂ ತಿಂದಿಲ್ಲ' ಎಂದು ಎಷ್ಟು ಸಲ ಹೇಳಿಲ್ಲ! ಹಾಗೆ ಹೇಳುವಾಗ ಅವಳೂ ಸುಳ್ಳು ಹೇಳಿರಲಿಲ್ಲ.

ತೆರೆದ ಬಾಯಿಯಿಂದ ಬೈಗುಳದ ಬದಲು ನಗು ಬಂತು. ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಹಿಡಿದು ನಕ್ಕಳು. ನಗುತ್ತಾ ಕಣ್ಣಲ್ಲಿ ನೀರೂ ಬಂತು. ಬಿಲ್ಲೆಯ ತಪ್ಪಲ್ಲ! ತನ್ನ ಕೈ ಕೆಟ್ಟಿಲ್ಲ, ಯಾರ ಮನೆಯ ನಾಯಿಗೂ ತಾನು ವಿಷ ಇಕ್ಕಿಲ್ಲ. ಗದ್ದಲ ಕೇಳಿ ಗೋಡೆಯ ಮೇಲೆ ತಲೆ ಹಾಕಿದ ಒಲಿಂಡಾ ವಿಷಯ ತಿಳಿದು ಶಿಲುಬೆಯ ಗುರುತು ಹಾಕಿಕೊಂಡು, "ಜೆಜು! ಭಟ್ರೇ, ನೀವಾ ಕಳ್ಳ?" ಎಂದಳು. ಭಟ್ಟರೊಬ್ಬರೇ ನಗಲಿಲ್ಲ.

ಅದೇ ಸಂಜೆ ಮನೋರಮಾ ಗಿರಣಿಗೆ ಹೋಗಿ, ಗಿರಾಕಿಗಳ ಎದುರಿನಲ್ಲೇ ಶುಕೂರರ ಕ್ಷಮೆ ಕೇಳಿದಳು. ಗಿರಾಕಿಗಳಿಗೆಲ್ಲ ಮತ್ತೆ ಫೋನ್ ಹೋಯಿತು. ಪ್ರೇಮ್ ಶೆಲ್ಫ್ ಇನ್ನೂ ಬೇರೆಯವರಿಗೆ ಕೊಟ್ಟಿರಲಿಲ್ಲ. ನಾಯಿಯ ಚರ್ಮ ಮಾತ್ರ ಫೋನಿಗೆ ಬಗ್ಗುವಂಥದ್ದಲ್ಲ. ಓಪನಿಂಗಿಗೆ ಉಳಿದದ್ದು ಹದಿನೈದು ದಿನ. ಪೂರ್ತಿ ವಾಸಿಯಾಗಲು ಸಾಕಾಗಲಿಕ್ಕಿಲ್ಲ ಎಂದಳು ರೈಹಾನಾ.

ಭಟ್ಟರದ್ದು ಬೇರೆಯೇ ಸಂಕಟ. ನಲವತ್ತು ವರ್ಷದಲ್ಲಿ ಕೈಯೊಡ್ಡಿದ ಒಬ್ಬರಿಗೂ ಅವರು ಪ್ರಸಾದ ಇಲ್ಲ ಎಂದವರಲ್ಲ. ಈಗ ಸ್ಕೂಟರನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿ, ಹಿತ್ತಲ ಬಾಗಿಲಿನಿಂದ ಮನೆಯೊಳಗೆ ನುಸುಳತೊಡಗಿದರು. ಪುಂಡಿ ಮಾತ್ರ ದಿನವೂ ಹನ್ನೆರಡೂವರೆಗೆ ಮುಂದಿನ ಗೇಟಿನಲ್ಲಿ ಕೂತು, ಒಂದು ಗಂಟೆಯಾದರೂ ಏಳುತ್ತಿರಲಿಲ್ಲ. ಒಲಿಂಡಾ ಮೀನಿಗೆ ಕರೆದರೂ ತಿರುಗುತ್ತಿರಲಿಲ್ಲ. ಕಿಟಕಿಯಿಂದ ಅದನ್ನು ನೋಡಿ ಭಟ್ಟರು ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದರು.

ಓಪನಿಂಗಿನ ದಿನ ಪುಂಡಿಯ ಮೈ ಬಹುಮಟ್ಟಿಗೆ ಮುಚ್ಚಿತ್ತು. ಕುತ್ತಿಗೆಯಲ್ಲಿ ಮಾತ್ರ ಹತ್ತು ರೂಪಾಯಿ ನಾಣ್ಯದಷ್ಟು ಬೋಳು. ಪ್ರೇಮ್ ಕೆಂಪು ಸ್ಕಾರ್ಫ್ ಹಿಡಿದುಕೊಂಡು ಬಂದ. "ಇದನ್ನು ಕಟ್ಟುವ, ಟೀಚರ್. ಚಂದವೂ ಕಾಣ್ತದೆ."

"ಚಂದಕ್ಕಾದರೆ ಬಾಲಕ್ಕೆ ಕಟ್ಟಿ," ಎಂದಳು ಮನೋರಮಾ. "ಕುತ್ತಿಗೆ ಮುಚ್ಚುವುದು ಬೇಡ. ಬಂದು ನೋಡಿ ಅಂತ ಕರೆದದ್ದು ನಾವೇ ಅಲ್ವಾ?"

ಮೊದಲು ಒಳಗೆ ಬಂದ ಹೆಂಗಸಿನ ಕಣ್ಣು ನೇರ ಅಲ್ಲಿಗೇ ಹೋಯಿತು. "ಇದೆಂತ ಇದರ ಕುತ್ತಿಗೆಯಲ್ಲಿ? ನಿಮ್ಮ ಬಿಲ್ಲೆ ತಿಂದೇ ಆದದ್ದಾ?"

ಅಂಗಡಿಯಲ್ಲಿ ಎಲ್ಲರೂ ಇತ್ತ ತಿರುಗಿದರು. ಪ್ರೇಮ್ ಬೆವರೊರೆಸಿಕೊಂಡ. ಮನೋರಮಾ ಚೀಲದಿಂದ ನೋಟ್‌ಬುಕ್ ತೆಗೆದು ಶೆಲ್ಫಿನ ಮೇಲೆ ಬಿಡಿಸಿಟ್ಟು, ತರಗತಿಯ ಹಿಂದಿನ ಬೆಂಚಿಗೂ ಕೇಳುವಂಥ ದನಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೆರೆತ ಬಂದದ್ದು, ಮಾರಾಟ ನಿಲ್ಲಿಸಿದ್ದು, ಶುಕೂರರ ಮೇಲೆ ಸುಮ್ಮನೆ ಸಂಶಯಪಟ್ಟದ್ದು, ಅಪ್ಪ, ಗಂಡನ 'ಏನೂ ಇಲ್ಲ', ತನ್ನ ಅಂಗೈಯ ತುಂಡು. ಒಂದನ್ನೂ ಬಿಡಲಿಲ್ಲ. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಅಂಗಡಿಗೆ ಅಂಗಡಿಯೇ ನಕ್ಕಿತು. ನಗು ನಿಂತ ಮೇಲೆ ಒಬ್ಬ ಹಿರಿಯರು ತಮ್ಮ ನಾಯಿಯ ಬೆನ್ನು ಸವರುತ್ತಾ, "ನಮ್ಮಲ್ಲಿ ಇವನಿಗೆ ಮಾತ್ರೆ ಕೊಡುವುದೇ ಬ್ರೆಡ್ಡಿನಲ್ಲಿ ಸುತ್ತಿ ಮಾರಾಯ್ರೆ. ಅದು ಮದ್ದು ಅಂತಲೇ ನಮ್ಮ ಲೆಕ್ಕ," ಎಂದರು. ಮೂಲೆಯಲ್ಲಿದ್ದ ರೈಹಾನಾ ಹಣೆ ಬಡಿದುಕೊಂಡಳು. ಆರು ತಿಂಗಳಿಂದ ಆ ನಾಯಿಗೆ ಮದ್ದು ಕೊಡುತ್ತಿದ್ದವಳು ಅವಳೇ. ಮೊದಲು ಪ್ರಶ್ನೆ ಕೇಳಿದ ಹೆಂಗಸು ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡು, ನಾಲ್ಕು ಪ್ಯಾಕೆಟ್ ಎತ್ತಿಕೊಂಡಳು. ಸಂಜೆಯಾಗುವಾಗ ಶೆಲ್ಫ್ ಖಾಲಿ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಅಡುಗೆಮನೆಗೆ ಬಂದ ಮನೋರಮಾಳ ಹಿಂದೆಯೇ ಭಟ್ಟರು ಬಂದು ನಿಂತರು. ಏನೋ ಕೇಳಬೇಕು, ಕೇಳಲು ಸಂಕೋಚ.

"ನಿನ್ನ ಬಿಲ್ಲೆಗೆ ಎಂತೆಲ್ಲ ಹಾಕ್ತೀ?"

"ಬಾಳೆಕಾಯಿ, ಹುರುಳಿ, ಹಲಸಿನ ಬೀಜ, ತೆಂಗಿನೆಣ್ಣೆ. ಎಂತಕ್ಕೆ?"

"ದೇವರಿಗೆ ಆಗದ್ದು ಅದರಲ್ಲಿ ಎಂತದ್ದೂ ಇಲ್ಲ," ಎಂದರು ಭಟ್ಟರು. "ಮಡಿಯಲ್ಲಿ ನಾಲ್ಕು ಮಾಡಿ ಕೊಡ್ತೀಯಾ? ನೈವೇದ್ಯಕ್ಕೆಂದೇ ಇಟ್ಟ ಹಳೆಯ ಕಾವಲಿಯಲ್ಲಿ."

ಮನೋರಮಾ ಹಿಟ್ಟು ಕಲಸಿದಳು. ಒಲೆ ಹಚ್ಚಿದಳು. ದೇವರಕೋಣೆಯಲ್ಲಿ ಮನೆಯ ಗಣಪತಿಯ ಮುಂದೆ ಅವರು ಗಂಟೆ ಆಡಿಸಿದ್ದು, ನಾಲ್ಕು ಬಿಲ್ಲೆಗಳನ್ನು ಬಾಳೆಲೆಯಲ್ಲಿ ಕಟ್ಟಿ ಸ್ಕೂಟರಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದದ್ದು, ಎಲ್ಲವನ್ನೂ ಕಂಡೂ ಕಾಣದಂತೆ ಇದ್ದಳು.

ಮಧ್ಯಾಹ್ನ ಸ್ಕೂಟರಿನ ಸದ್ದು ಬಂದದ್ದು ಮುಂದಿನ ಗೇಟಿನ ಕಡೆಯಿಂದ. ಭಟ್ಟರು ಕಾಲು ತೊಳೆದು ಬಾಳೆಲೆ ಬಿಡಿಸಿದರು. ಪುಂಡಿ ತಲೆ ತಗ್ಗಿಸಿತು. ಅವರು ಒಂದು ಬಿಲ್ಲೆ ತೆಗೆದುಕೊಟ್ಟರು. ದಿನವೂ ಕಟುಂ ಎಂದು ಕಡಿಯುವ ನಾಯಿ, ಇವತ್ತು ಅದನ್ನು ಹಲ್ಲು ತಾಗಿಸದೆ ಮೆಲ್ಲಗೆ ತೆಗೆದುಕೊಂಡಿತು. ಭಟ್ಟರು ಕಣ್ಣೊರೆಸಿಕೊಳ್ಳುತ್ತಾ, ಹೆಂಡತಿಯ ಕಡೆ ನೋಡದೆ, ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ಕನ್ನಡಕ ಏರಿಸಿಕೊಂಡರು. ಬಹಳ ಹೊತ್ತು ಬರೆದರು.

ಅವರು ಊಟಕ್ಕೆ ಕೂತ ಮೇಲೆ ಮನೋರಮಾ ಹೋಗಿ ನೋಡಿದಳು. ಹೊತ್ತು: ಹನ್ನೆರಡು ಐವತ್ತು. ಕೊಟ್ಟ ತಿಂಡಿ: ಪ್ರಸಾದ, ಬಾಳೆಕಾಯಿ, ಹುರುಳಿ, ಹಲಸಿನ ಬೀಜ, ತೆಂಗಿನೆಣ್ಣೆ. ಕೊಟ್ಟವರು: ಗಣಪತಿ. ಕೊನೆಯ ಮನೆಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಹರಿದಾಸ ಭಟ್ಟರ ಸಹಿ.

ಮನೋರಮಾ ಹಳೆಯ ಪೆಟ್ಟಿಗೆಯಲ್ಲಿ ಹುಡುಕಿ ತನ್ನ ಕೆಂಪು ಪೆನ್ನು ತಂದು, ಆ ಸಾಲಿನ ಪಕ್ಕದಲ್ಲಿ ದೊಡ್ಡದೊಂದು ಸರಿ ಗುರುತು ಹಾಕಿದಳು.